ಗುಂಟೆಗೆ 172 ರೂಪಾಯಿಯ ಲೆಕ್ಕ

ಪ್ರಶ್ನೆ: ಘಟಪ್ರಭೆಯ ದಂಡೆಗೆ ನಮ್ಮದು ಮೂರು ಎಕರೆ ಹತ್ತು ಗುಂಟೆ ಕಬ್ಬು. 2025ರ ಮುಂಗಾರಿನಲ್ಲಿ ಹೊಳೆ ಒಳಗೆ ಬಂದು, ವಾರದ ಮೇಲೆ ನೀರು ನಿಂತು ಎಲ್ಲಾ ಹಾಳಾಯಿತು. ಖಾತೆಗೆ ಮೊದಲು 22 ಸಾವಿರ ಚಿಲ್ಲರೆ, ಆಮೇಲೆ 11 ಸಾವಿರ ಚಿಲ್ಲರೆ ಜಮೆಯಾಯಿತು. ಬದುವಿನ ಆಚೆಯ ಹೊಲವೂ ಅದೇ ನೀರಿನಲ್ಲಿ ಮುಳುಗಿತ್ತು. ಅದನ್ನು ಲಾವಣಿಗೆ ಮಾಡಿದವರಿಗೆ ಒಂದು ಪೈಸೆಯೂ ಬರಲಿಲ್ಲ. ಈ ಹಣವನ್ನು ಯಾರು, ಯಾವ ಲೆಕ್ಕದಲ್ಲಿ ಕೊಡುತ್ತಾರೆ?
ಮುಧೋಳ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಮೊತ್ತವನ್ನೇ ಬಿಡಿಸೋಣ. ಒಂದು ಹೆಕ್ಟೇರ್ ಎಂದರೆ 2.47 ಎಕರೆ, ಹೆಚ್ಚೂಕಡಿಮೆ 99 ಗುಂಟೆ. ನಿಮ್ಮ 130 ಗುಂಟೆ ಸುಮಾರು 1.315 ಹೆಕ್ಟೇರ್ ಆಗುತ್ತದೆ. ಕಬ್ಬು ನೀರಾವರಿ ಬೆಳೆಯಾಗಿ ದಾಖಲಾಗಿದ್ದರೆ ಹೆಕ್ಟೇರಿಗೆ 17,000 ರೂಪಾಯಿ. ಗುಣಿಸಿ ನೋಡಿ, 22,360ರ ಆಸುಪಾಸು ಬರುತ್ತದೆ. ಅದು ಮೊದಲ ಕಂತು. 2025ರ ಸೆಪ್ಟೆಂಬರ್ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕಲಬುರಗಿ ಕಡೆಯ ವೈಮಾನಿಕ ಸಮೀಕ್ಷೆ ಮುಗಿಸಿ, ಎಲ್ಲ ಬಗೆಯ ಬೆಳೆಗೂ ಹೆಕ್ಟೇರಿಗೆ 8,500 ಹೆಚ್ಚುವರಿ ಕೊಡುವುದಾಗಿ ಘೋಷಿಸಿದರು. ನಿಮ್ಮ ಎರಡನೆಯ ಕಂತು, 11,180ರ ಆಸುಪಾಸು, ಅದೇ. ಗುಂಟೆಗೆ ಇಳಿಸಿದರೆ ಮೊದಲ ಕಂತು 172 ರೂಪಾಯಿ, ಎರಡನೆಯದು 86. ನಿಮ್ಮ ಲೆಕ್ಕದಲ್ಲಿ ಯಾರೂ ಕೈ ಹಾಕಿಲ್ಲ. ಸಿಗಬೇಕಾದಷ್ಟೇ ಸಿಕ್ಕಿದೆ. ತಕರಾರು ಇರಬೇಕಾದದ್ದು ಆ ‘ಸಿಗಬೇಕಾದಷ್ಟು’ ಎಂಬುದರ ಮೇಲೆ.

ಈ 17,000 ಎಲ್ಲಿಂದ ಬಂತು? ಬೆಂಗಳೂರಿನಿಂದ ಅಲ್ಲ, ದಿಲ್ಲಿಯಿಂದ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ಪ್ರತಿ ರಾಜ್ಯಕ್ಕೂ ಒಂದು ವಿಪತ್ತು ಪ್ರತಿಕ್ರಿಯೆ ನಿಧಿ ಇದೆ, ಅಂದರೆ ಎಲ್ಲರೂ ಎಸ್‌ಡಿಆರ್‌ಎಫ್ ಎನ್ನುವುದು. ಕರ್ನಾಟಕದಂಥ ರಾಜ್ಯಕ್ಕೆ ಅದರಲ್ಲಿ ಕೇಂದ್ರದ ಪಾಲು ಮುಕ್ಕಾಲು, ರಾಜ್ಯದ್ದು ಕಾಲು. ಯಾವುದಕ್ಕೆ ಎಷ್ಟು ಖರ್ಚು ಮಾಡಬಹುದೆಂಬ ದರಪಟ್ಟಿಯನ್ನು ಕೇಂದ್ರ ಗೃಹ ಸಚಿವಾಲಯ ಹೊರಡಿಸುತ್ತದೆ. 2022-23ರಿಂದ 2025-26ರವರೆಗಿನ ಪಟ್ಟಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ಇವು 6,800, 13,500 ಮತ್ತು 18,000 ಇದ್ದವು. ಬೆಳೆಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2015ರವರೆಗೆ ಈ ಗೆರೆ ಶೇ 50ರಲ್ಲಿತ್ತು. ಒಬ್ಬ ರೈತನಿಗೆ ಹೆಚ್ಚೆಂದರೆ ಎರಡು ಹೆಕ್ಟೇರ್. ಹತ್ತು ಎಕರೆ ಮುಳುಗಿದರೂ ಸರ್ಕಾರದ ಕಣ್ಣಿಗೆ ಮುಳುಗಿದ್ದು ಐದು ಎಕರೆಗಿಂತ ತುಸು ಕಡಿಮೆ.

ಇದನ್ನು ಓದುವಾಗ ಒಂದು ಸಂಗತಿ ಗಟ್ಟಿಯಾಗಿ ನೆನಪಿಡಬೇಕು. ಕೇಂದ್ರದ ಆದೇಶದಲ್ಲಿ ಈ ಹಣಕ್ಕೆ ಇರುವ ಹೆಸರು ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ಕೊಳ್ಳಲು ಒಂದಿಷ್ಟು ಆಸರೆ ಎಂಬ ಅರ್ಥದಲ್ಲಿ ನಿಗದಿಯಾದ ಮೊತ್ತ ಅದು. ಹೋದ ಬೆಳೆಯ ಬೆಲೆ ಎಂದೂ ಅಲ್ಲ. ಹಾಗಾಗಿಯೇ ನಷ್ಟಕ್ಕೂ ಜಮೆಗೂ ಹೊಂದಾಣಿಕೆ ಕಾಣುವುದಿಲ್ಲ. ಸಜ್ಜೆಯೋ ಹೆಸರೋ ಬೆಳೆದವನಿಗೆ ಎಕರೆಗೆ 3,440 ಬಂದರೆ ಬೀಜದ ಖರ್ಚಾದರೂ ಗಿಟ್ಟೀತು. ಕಬ್ಬಿನ ಲೆಕ್ಕ ಬೇರೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ನಡೆದ ಕಬ್ಬಿನ ದರದ ಹೋರಾಟದ ನಂತರ ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಹೇಳಿತಲ್ಲ, ಆ ದರದಲ್ಲಿ ಎಕರೆಗೆ 40 ಟನ್ ಹಿಡಿದರೂ 1,32,000 ಆಗುತ್ತದೆ. ಮುಧೋಳದ ರೈತರು ಆ 3,300ಕ್ಕೂ ಒಪ್ಪಿರಲಿಲ್ಲ ಎಂಬುದು ಬೇರೆ ಮಾತು. ಆ ಎಕರೆ ಮುಳುಗಿದರೆ ಎರಡೂ ಕಂತು ಸೇರಿ ಬರುವುದು 10,300ರ ಸುಮಾರು. ಹೊಸ ಕಬ್ಬು ನಾಟಿಗೆ ಬೀಜ, ಆಳು, ಗೊಬ್ಬರ ಎಂದು ಹೊರಟರೆ ಅದು ಅರ್ಧ ದಾರಿಗೂ ಸಾಲದು. ಕಬ್ಬು ಹೊಲದಲ್ಲಿ ವರ್ಷಗಟ್ಟಲೆ ನಿಲ್ಲುವ ಬೆಳೆ. ಒಂದು ನಾಟಿಯ ಮೇಲೆ ಕುಳೆ ತೆಗೆದು ಎರಡು ಮೂರು ವರ್ಷದ ಸಂಸಾರ ನಡೆಯುತ್ತದೆ. ಬುಡವೇ ಕೊಳೆತಾಗ ಹೋಗುವುದು ಒಂದು ಹಂಗಾಮಲ್ಲ. ಆದರೆ ದರಪಟ್ಟಿಯಲ್ಲಿ ಅದು ಮೂರು ತಿಂಗಳ ಬೆಳೆಯ ಪಕ್ಕದಲ್ಲೇ, ನೀರಾವರಿ ಎಂಬ ಒಂದೇ ಖಾನೆಯಲ್ಲಿ ಕೂತಿದೆ. ಜಮಖಂಡಿ ಉಪವಿಭಾಗದ ಹೊಳೆಸಾಲಿನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ದೋಷ ಇದೇ ಎಂದು ನನ್ನ ಎಣಿಕೆ.

ಕೇಂದ್ರದ ದರದ ಮೇಲೆ ರಾಜ್ಯ ತನ್ನ ಕೈಯಿಂದ ಹಾಕುವುದುಂಟು. ಆದರೆ ಅದಕ್ಕೆ ಕಾನೂನಿನ ಕಟ್ಟು ಇಲ್ಲ. ಆಯಾ ವರ್ಷದ ಮುಖ್ಯಮಂತ್ರಿಯ ಘೋಷಣೆಯೇ ಆಧಾರ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಒಟ್ಟಿಗೇ ಏರಿ, ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟ ವರ್ಷ, ಯಡಿಯೂರಪ್ಪ ಸರ್ಕಾರ ಎಲ್ಲದಕ್ಕೂ ಹೆಕ್ಟೇರಿಗೆ 10,000 ಸೇರಿಸಿತು. ನೀರಾವರಿಗೆ 23,500 ಆಯಿತು. 2021ರ ಕೊನೆಗೆ ಬೊಮ್ಮಾಯಿ ಸರ್ಕಾರ ಅದನ್ನು 25,000 ಮಾಡಿತು, ಮಳೆಯಾಶ್ರಿತಕ್ಕೆ 13,600. 2023ರ ಬರದಲ್ಲಿ ಮೇಲಿನ ಈ ಕಾಣಿಕೆ ಇರಲಿಲ್ಲ. 2025ರಲ್ಲಿ ನೀರಾವರಿಗೆ ಒಟ್ಟು 25,500. ಅಂದರೆ ನಾಲ್ಕು ವರ್ಷದಲ್ಲಿ ಕಬ್ಬಿನ ಹೆಕ್ಟೇರಿಗೆ ಹೆಚ್ಚಾದದ್ದು ಐನೂರು ರೂಪಾಯಿ. ಅಷ್ಟರಲ್ಲಿ ಆಳಿನ ಕೂಲಿ ಎಷ್ಟಾಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಸಮೀಕ್ಷೆ. ನೀರು ಇಳಿದ ಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿಯಾಗಿ ಬರಬೇಕು. ಕಂದಾಯದ ಕಡೆಯಿಂದ ಬರುವವರನ್ನು ಹಿಂದೆ ತಲಾಠಿ ಎನ್ನುತ್ತಿದ್ದೆವು, ಈಗ ಗ್ರಾಮ ಆಡಳಿತಾಧಿಕಾರಿ. ಅವರ ಕೈಯ ಮೊಬೈಲೇ ಈಗ ಪಂಚನಾಮೆಯ ದಫ್ತರ. ಕಬ್ಬಿನ ಹಾನಿಯನ್ನು ದಾರಿಯ ಮೇಲೆ ನಿಂತು ಅಳೆಯಲಾಗದು, ಇದು ಹೊಳೆಸಾಲಿನ ರೈತನಿಗೆ ಗೊತ್ತು, ಬೇರೆ ಕಡೆಯಿಂದ ವರ್ಗವಾಗಿ ಬಂದವರಿಗೆ ಗೊತ್ತಿರಬೇಕೆಂದಿಲ್ಲ. ನೀರು ಇಳಿದ ಮೂರನೆಯ ದಿನ ದೂರದಿಂದ ನೋಡಿದರೆ ಗರಿ ಇನ್ನೂ ಹಸಿರೇ. ಒಳಗೆ ಹೋಗಿ ಸುಳಿ ಹಿಡಿದು ಜಗ್ಗಿದರೆ ಅದು ಕೈಗೇ ಕಿತ್ತು ಬರುತ್ತದೆ, ಬುಡದಲ್ಲಿ ರಾಡಿ ತುಂಬಿ ಕೊಳೆತ ನಾತ. ಸುಳಿ ಸತ್ತ ಕಬ್ಬು ಮೇಲಕ್ಕೆ ಬೆಳೆಯುವುದಿಲ್ಲ, ಗಣ್ಣುಗಣ್ಣಿನಿಂದ ಪಕ್ಕದ ಮೊಳಕೆ ಒಡೆಯುತ್ತದೆ, ನೀರು ನಿಂತ ಎತ್ತರದವರೆಗೆ ಗಣ್ಣಿನಲ್ಲಿ ಬಿಳಿ ಬೇರು ಇಳಿಯುತ್ತದೆ. ಹತ್ತು ಹದಿನೈದು ದಿನ ಬಿಟ್ಟು ಕಬ್ಬನ್ನು ಸೀಳಿದರೆ ಒಳಗೆ ಬೆಂಡು. ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಸಮೀಕ್ಷೆಯವರು ಬಂದ ದಿನ ನಾಲ್ಕು ಕಬ್ಬು ಕಡಿದು ಅವರ ಮುಂದೆಯೇ ಸೀಳಿ ತೋರಿಸಿ, ಅದರ ಫೋಟೋ ನೀವೂ ತೆಗೆದಿಟ್ಟುಕೊಳ್ಳಿ. ಶೇ 33ರ ಗೆರೆಯ ಈಚೆ ಆಚೆ ಆಗುವುದು ಆ ಹತ್ತು ನಿಮಿಷದಲ್ಲಿ.

ಈ ಅಂದಾಜಿನ ಜಗಳ ಹೊಸದೇನಲ್ಲ. ಮುಂಬೈ ಆಡಳಿತದ ಕಾಲದಲ್ಲಿ ನಮ್ಮ ಕಡೆ ಆಣೆವಾರಿ ಇತ್ತು. ಬೆಳೆಯನ್ನು ಹದಿನಾರಾಣೆಯಲ್ಲಿ ಅಳೆದು, ತೀರಾ ಕಡಿಮೆಯಾದರೆ ಕಂದಾಯ ಮುಂದೂಡುತ್ತಿದ್ದರು. ಇಷ್ಟು ಆಣೆ ಎಂದು ತಲಾಠಿ ಬರೆದರೆ ಊರಿಗೆ ಊರೇ ಒಪ್ಪದೆ ನಿಲ್ಲುತ್ತಿತ್ತು. ಕೈಗೆ ಹಣ ಬೇಕೆಂದರೆ ತಗಾವಿ, ಅದೂ ಸಾಲ, ತೀರಿಸಲೇಬೇಕು. 1883 ಮತ್ತು 1884ರ ಎರಡು ಕಾಯ್ದೆಗಳು ಅದಕ್ಕೆ ಆಧಾರ. ಮರಳಿ ಕೊಡಬೇಕಿಲ್ಲದ ಹಣ ನೇರವಾಗಿ ರೈತನ ಖಾತೆಗೆ ಬರುವುದು ತೀರ ಈಚಿನ ಕಾಲದ ಮಾತು, ಅಷ್ಟರ ಮಟ್ಟಿಗೆ ಸುಧಾರಣೆಯೇ.

ನಿಮ್ಮ ಬದುವಿನ ಆಚೆಯವರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಜೀವ ಅಲ್ಲಿದೆ. ಪರಿಹಾರ ಹೋಗುವುದು ಬೆವರು ಸುರಿಸಿದವನಿಗಲ್ಲ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವನಿಗೆ. ಸಮೀಕ್ಷೆಯ ವಿವರ ‘ಪರಿಹಾರ’ ಎಂಬ ತಂತ್ರಾಂಶಕ್ಕೆ ಹೋಗುತ್ತದೆ. ಅದು ಭೂಮಿ ದಾಖಲೆಯನ್ನು ನೋಡುತ್ತದೆ, ಬೆಳೆ ಸಮೀಕ್ಷೆಯನ್ನು ನೋಡುತ್ತದೆ, ರೈತರ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ನೋಡುತ್ತದೆ, ಕೊನೆಗೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನು ಹುಡುಕುತ್ತದೆ. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಹಣ ಅಲ್ಲೇ ನಿಂತಿತು. ಲಾವಣಿ, ಪಾಲು ಎಂದು ಬಾಯಿಮಾತಿನಲ್ಲಿ ಹೊಲ ಮಾಡಿದವರು ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ಕರ್ನಾಟಕದ ಭೂಸುಧಾರಣೆ ಕಾನೂನು ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದೆ. ಹೀಗಾಗಿ ಲಾವಣಿ ಪತ್ರ ಬರೆದುಕೊಡಲು ಹೊಲದ ಮಾಲೀಕ ಹೆದರುತ್ತಾನೆ, ಪತ್ರವಿಲ್ಲದೆ ಸರ್ಕಾರ ಲಾವಣಿದಾರನನ್ನು ಕಾಣುವುದಿಲ್ಲ. ಆ ಹೊಲದ ಪರಿಹಾರ ಎಲ್ಲೋ ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಾಲೀಕನ ಖಾತೆಗೆ ಹೋಗಿರಬಹುದು. ಅವರು ದೊಡ್ಡ ಮನಸ್ಸಿನವರಾದರೆ ಅರ್ಧ ಕೊಟ್ಟಾರು. ಮುಂದಿನ ಲಾವಣಿಯ ಮಾತುಕತೆಯಲ್ಲೇ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂಬುದನ್ನು ನಾಲ್ಕು ಜನರ ಮುಂದೆ ಆಡಿಟ್ಟುಕೊಳ್ಳುವುದು ಸದ್ಯಕ್ಕಿರುವ ಒಂದೇ ದಾರಿ.

ಸ್ವಂತ ಹೊಲ ಇದ್ದವರೂ ತಪ್ಪಿಸಿಕೊಳ್ಳುವ ಜಾಗ ಎರಡಿವೆ. ಮೊದಲನೆಯದು ತೀರಿಹೋದ ಅಜ್ಜನ ಹೆಸರಿನ ಉತಾರ. ಅಜ್ಜನಿಗೆ ಆಧಾರ್ ಇಲ್ಲ, ಆಧಾರ್ ಇಲ್ಲದೆ ಫ್ರೂಟ್ಸ್ ಸಂಖ್ಯೆ ಇಲ್ಲ. ವಾಟ್ನಿ ಆಗಿಲ್ಲ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂದು ವಾರಸಾ ಬದಲಾಯಿಸದೆ ಕೂತ ಮನೆ ಪ್ರತಿ ಊರಲ್ಲೂ ಹತ್ತಾರು. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರುಮಾಡಿರುವುದು ಇದಕ್ಕೇ. ಗ್ರಾಮ ಆಡಳಿತಾಧಿಕಾರಿಯೇ ಮನೆಗೆ ಬಂದು ವಾರಸುದಾರರ ಹೆಸರು ಹಾಕಿಕೊಳ್ಳಬೇಕು. ಜಂಟಿ ಖಾತೆಯಾದರೂ ಸರಿ, ಬದುಕಿರುವವರ ಹೆಸರಿರಲಿ. ಎರಡನೆಯದು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿಗೂ ಊರಿನ ಹುಡುಗರೇ ಆ್ಯಪ್ ಹಿಡಿದು ಹೊಲಹೊಲಕ್ಕೆ ಬೆಳೆ ದಾಖಲಿಸುತ್ತಾರೆ. ಪಂಪ್‌ಸೆಟ್ ಇರುವ ಹೊಲಕ್ಕೆ ಮಳೆಯಾಶ್ರಿತ ಎಂದು ಬಿದ್ದಿದ್ದರೆ, ನಿಮಗೆ ಸಿಗುವ ಕೇಂದ್ರದ ದರ ಆ ಕ್ಷಣಕ್ಕೇ ಅರ್ಧವಾಯಿತು. ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಹೊಳೆ ಬಂದ ಮೇಲೆ ಇದನ್ನು ನೋಡಿದರೆ ತಡವಾಯಿತು. ಬಿತ್ತಿದ ತಿಂಗಳೊಪ್ಪತ್ತಿನಲ್ಲಿ ನೋಡಬೇಕು.

ಬೀಳಗಿ ತಾಲ್ಲೂಕಿನವರು, ಜಮಖಂಡಿಯ ಕೃಷ್ಣೆಯ ದಂಡೆಯವರು ಇನ್ನೊಂದು ಗೊಂದಲದಲ್ಲಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಭೂಮಿ ಕೊಟ್ಟಾಗ ಬರುವ ಹಣ ಬೇರೆ, ನೆರೆ ಪರಿಹಾರ ಬೇರೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಅದು ಭೂಸ್ವಾಧೀನದ ಬೆಲೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಖಾತೆಯದು. ತಹಶೀಲ್ದಾರರ ನೆರೆ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕೆಲವರು ಹಿಂದೆಯೇ ಸ್ವಾಧೀನವಾದ ಜಮೀನಿನಲ್ಲಿ, ಹಿನ್ನೀರು ಸರಿದ ಮೇಲೆ ಕಡಲೆಯೋ ಜೋಳವೋ ಹಾಕುತ್ತಾರೆ. ಎರೆಮಣ್ಣಿನ ಹದ ಅಂಥದ್ದು, ಬಿಡಲು ಮನಸ್ಸು ಬಾರದು. ಆದರೆ ಅದರ ಉತಾರ ಸರ್ಕಾರದ ಹೆಸರಿನಲ್ಲಿದೆ. ಅಲ್ಲಿ ಏನು ಕೆಟ್ಟರೂ ನೆರೆ ಪರಿಹಾರದ ಹಕ್ಕಿಲ್ಲ.

ಬರದ ಹಣದ ಕಥೆ ನೆರೆಯದಕ್ಕಿಂತ ನಿಧಾನ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ರಾಜ್ಯ 18,171 ಕೋಟಿ ರೂಪಾಯಿ ಕೇಳಿತು, ತಿಂಗಳುಗಟ್ಟಲೆ ಉತ್ತರ ಬಾರದೆ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲಿನಲ್ಲಿ ಕೇಂದ್ರ 3,454 ಕೋಟಿ ಕೊಟ್ಟಿತು. ಈ ನಡುವೆ ರಾಜ್ಯ ಮೊದಲ ಕಂತೆಂದು ರೈತನಿಗೆ ಗರಿಷ್ಠ 2,000 ರೂಪಾಯಿ ಹಾಕಿತ್ತು. ಮಿಕ್ಕಿದ್ದು ಬಂದಾಗ ಕೆಲವು ಬ್ಯಾಂಕುಗಳು ಹಳೇ ಸಾಲಕ್ಕೆ ಜಮಾ ಮಾಡಿಕೊಂಡವು. ಹಾಗೆ ಮಾಡಬಾರದೆಂದು ಸರ್ಕಾರ ಸ್ಪಷ್ಟವಾಗಿ ಸೂಚಿಸಿತ್ತು. ನಿಮಗೆ ಹಾಗಾದರೆ ಮ್ಯಾನೇಜರರ ಹತ್ತಿರ ವಾದ ಮಾಡುತ್ತ ಕೂಡಬೇಡಿ. ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಲಿಖಿತ ಅರ್ಜಿ ಕೊಡಿ.

ಬೆಳೆ ಬಿಟ್ಟು ಬೇರೆ ನಷ್ಟಕ್ಕೂ ಆ 2025-26ರವರೆಗಿನ ಪಟ್ಟಿಯಲ್ಲಿ ದರ ಇದೆ, ಕೇಳುವವರು ಕಡಿಮೆ. ಹೊಲದಲ್ಲಿ ಹೊಳೆಯ ಮರಳು, ಹೂಳು ಕೂತಿದ್ದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000. ಹೊಳೆ ದಿಕ್ಕು ಬದಲಿಸಿ ಹೊಲವನ್ನೇ ಕೊಚ್ಚಿಕೊಂಡು ಹೋದರೆ 47,000. ಎಮ್ಮೆ, ಆಕಳು ಸತ್ತರೆ 37,500, ಎತ್ತು ಸತ್ತರೆ 32,000, ಕುರಿ ಮೇಕೆಗೆ 4,000. ಪಶುವೈದ್ಯರ ಪ್ರಮಾಣಪತ್ರ ಇಲ್ಲದೆ ಹೂತುಬಿಟ್ಟರೆ ಈ ಹಣ ಹೋಯಿತು ಎಂದೇ ತಿಳಿಯಿರಿ. ರಬಕವಿ-ಬನಹಟ್ಟಿಯಲ್ಲಿ ಹೊಲಕ್ಕಿಂತ ಮಗ್ಗವೇ ಜೀವನವಾದ ಮನೆಗಳು ಬಹಳ. ಕೈಮಗ್ಗದ ಸಲಕರಣೆ ಹಾಳಾದರೆ ಕೇಂದ್ರದ ಪಟ್ಟಿಯಲ್ಲಿ ನೇಕಾರನಿಗೆ 5,000, ನೂಲು ಹಾಳಾದರೆ ಇನ್ನೊಂದು 5,000. ಅಷ್ಟರಲ್ಲಿ ಮಗ್ಗ ಎದ್ದು ನಿಲ್ಲುವುದಿಲ್ಲ, ಆದರೂ ಹಕ್ಕು ಹಕ್ಕೇ. ವರ್ಷಗಟ್ಟಲೆ ನೀರು ಬಸಿಯದೆ ಸವಳು-ಜವಳಾದ ಹೊಲಕ್ಕೆ ಮಾತ್ರ ಈ ಪಟ್ಟಿಯಲ್ಲಿ ಜಾಗವಿಲ್ಲ. ಅದು ವಿಪತ್ತಲ್ಲ ಎನ್ನುತ್ತದೆ ನಿಯಮ. ಜಮಖಂಡಿ, ಮುಧೋಳದ ಕಾಲುವೆಯ ಕೆಳಗೆ ಹೊಲ ಇದ್ದವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ವಿಮೆಯನ್ನು ಇದರ ಜೊತೆಗೆ ಬೆರೆಸಬೇಡಿ. ಫಸಲ್ ಬಿಮಾ ಕಂತು ಕಟ್ಟಿದವರಿಗೆ ಸರ್ಕಾರದ ಪರಿಹಾರವೂ ಬರಬಹುದು, ವಿಮೆಯೂ ಬರಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಮುಂಗಾರಿಗೆ ಕಂತು ಶೇ 2, ಹಿಂಗಾರಿಗೆ 1.5. ಆಲಿಕಲ್ಲು, ನೀರು ನಿಲ್ಲುವುದು ಇಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಆದರೆ 2018ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಭತ್ತ, ಕಬ್ಬಿನಂಥ ನೀರು ತಾಳುವ ಬೆಳೆಗಳನ್ನು ಜಲಾವೃತದ ಸ್ಥಳೀಯ ವಿಮೆಯಿಂದ ಕೈಬಿಡಲಾಯಿತು. ಕಬ್ಬು ನೀರು ತಾಳುತ್ತದೆಂದು ಬರೆದವರು ಆಗಸ್ಟಿನಲ್ಲಿ ಒಮ್ಮೆ ನಮ್ಮ ಹೊಳೆಸಾಲಿನ ಮಿರ್ಜಿಗೋ ಹಿರೇಪಡಸಲಗಿಗೋ ಬಂದು ಸುಳಿ ಜಗ್ಗಿ ನೋಡಬೇಕಿತ್ತು.

ಇದೇ ಕೃಷ್ಣೆಗೆ, ಚಿಕ್ಕಪಡಸಲಗಿಯಲ್ಲಿ, ಸರ್ಕಾರದ ದಾರಿ ಕಾಯದೆ ಮುಖಂಡ ಸಿದ್ದು ನ್ಯಾಮಗೌಡರ ಜೊತೆ ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅಂಥ ಊರುಗಳ ಜನ ಒಂದು ದರಪಟ್ಟಿಯ ಮುಂದೆ ಒಬ್ಬೊಬ್ಬರಾಗಿ ನಿಂತು ಗೊಣಗುತ್ತಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಕಬ್ಬಿಗೆ ಪ್ರತ್ಯೇಕ ಖಾನೆ ಬೇಕು, ರಾಜ್ಯದ ಹೆಚ್ಚುವರಿ ಮೊತ್ತ ವರ್ಷವರ್ಷದ ಕೃಪೆಯಾಗದೆ ನಿಯಮವಾಗಬೇಕು ಎಂಬ ಎರಡು ಬೇಡಿಕೆಯನ್ನಾದರೂ ಟನ್ನಿನ ದರದ ಹೋರಾಟದ ಜೊತೆಗೇ ಇಡಬಹುದಲ್ಲ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಭೂಮಿ ಜಾಲತಾಣದ ಪರಿಹಾರ ಹಣ ಸಂದಾಯ ಪುಟದಲ್ಲಿ ನಿಮ್ಮ ಊರಿನ ಪಟ್ಟಿ ತೆಗೆಯಿರಿ. ಯಾವ ವರ್ಷ, ಯಾವ ಹಂಗಾಮು, ಯಾವ ವಿಪತ್ತು ಎಂದು ಆರಿಸಿದರೆ ಯಾರಿಗೆ ಎಷ್ಟು ಹೋಗಿದೆ ಎಂಬುದು ಸಿಗುತ್ತದೆ. ಅದನ್ನು ಮುದ್ರಿಸಿಕೊಂಡು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿಸಿ. ಬಿಟ್ಟುಹೋದವರು ಉತಾರ, ಫ್ರೂಟ್ಸ್ ಸಂಖ್ಯೆ, ಪಾಸ್‌ಬುಕ್ ಪ್ರತಿ, ಹೊಲದ ಫೋಟೋ ಸೇರಿಸಿ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೇಲೆ ತಾರೀಕು ಹಾಕಿಸಿಕೊಳ್ಳದೆ ಬರಬೇಡಿ.